ಶೀಟು ತರಿಸುವ ಮುನ್ನ: ಮನೆ ಕಟ್ಟಿಸುತ್ತಿರುವವರಿಗೆ ಒಂದು ಬಹಿರಂಗ ಪತ್ರ

ಸ್ವಂತ ಮನೆ ಕಟ್ಟಿಸುತ್ತಿರುವ ಎಲ್ಲ ಕುಟುಂಬಗಳಿಗೆ,



ಮೋಲ್ಡಿಂಗ್ ಮುಗಿದಿದೆ, ಗಾರೆ ಕೆಲಸ ಆಗಿದೆ, ಟೈಲ್ಸ್ ಮನೆಗೆ ಬಂದಿವೆ. ಬ್ಯಾಂಕ್ ಸಾಲದ ಕೊನೆಯ ಕಂತು ಮಾತ್ರ ಇನ್ನೂ ಕೈಸೇರಿಲ್ಲ. ಮನೆ ಕಟ್ಟಿಸುವವರ ಕೈ ತೀರಾ ಬಿಗಿಯಾಗಿರುವ ಈ ಹೊತ್ತಿಗೇ ಮರಗೆಲಸ ಶುರುವಾಗುತ್ತದೆ. ಬಡಗಿ ಬಂದು ಕೋಣೆಗಳನ್ನು ಒಂದು ಸುತ್ತು ನೋಡಿ, ಟೇಪು ಹಿಡಿದು ಗೋಡೆ ಅಳೆದು, "ಹೆಚ್ಚುಕಮ್ಮಿ ನಲವತ್ತು ಶೀಟು ಬೇಕಾಗುತ್ತೆ ಸಾರ್, ಈಗ ಮೂವತ್ತು ತರಿಸಿ, ಆಮೇಲೆ ನೋಡೋಣ" ಎನ್ನುತ್ತಾರೆ. ಅಲ್ಲಿಯವರೆಗೆ ಸಿಮೆಂಟಿನ ಮೂಟೆಗಳನ್ನು ಎಣಿಸಿ ಇಳಿಸಿಕೊಂಡವರು, ಕಬ್ಬಿಣವನ್ನು ತೂಕದ ಚೀಟಿ ನೋಡಿ ಪಡೆದವರು, ಈ ಒಂದು ಮಾತಿಗೆ ಮಾತ್ರ ಏನೂ ಕೇಳದೆ ತಲೆಯಾಡಿಸುತ್ತಾರೆ.

ಈ ಪತ್ರದ ಬೇಡಿಕೆ ಒಂದೇ. ಅಂಗಡಿಗೆ ಹೋಗುವ ಮೊದಲು ಪ್ರತಿ ಶೀಟನ್ನೂ ಎಲ್ಲಿ ಹೇಗೆ ಕತ್ತರಿಸಲಾಗುತ್ತದೆ ಎಂಬ ನಕ್ಷೆ ಕಾಗದದ ಮೇಲೆ ಬರಲಿ. ಶೀಟಿನ ಲೆಕ್ಕ ಆ ನಕ್ಷೆಯಿಂದ ಹುಟ್ಟಲಿ, ಅಂದಾಜಿನಿಂದ ಅಲ್ಲ.

ಮೊದಲು ಮಾಲಿನ ಅಳತೆ. ನಮ್ಮ ಮಾರುಕಟ್ಟೆಯಲ್ಲಿ ಪ್ಲೈವುಡ್ಡಿನ ದೊಡ್ಡ ಶೀಟು 8 ಅಡಿ ಉದ್ದ, 4 ಅಡಿ ಅಗಲ, ಅಂದರೆ 32 ಚದರ ಅಡಿ. ಮಿಲಿಮೀಟರಿನಲ್ಲಿ ಅದು 2440 × 1220. ಹೆಚ್ಚಿನವರಿಗೆ ಗೊತ್ತಿರುವುದು ಇದೊಂದೇ. ಆದರೆ 7×4, 6×4, 8×3, 7×3, 6×3 ಅಡಿಯ ಶೀಟುಗಳೂ ತಯಾರಾಗುತ್ತವೆ. ದಪ್ಪದಲ್ಲಿ 4, 6, 9, 12, 16, 18 ಅಥವಾ 19, 25 ಮಿ.ಮೀ. ಎಂಬ ಶ್ರೇಣಿ ಇದೆ. ಕಪಾಟಿನ ಪೆಟ್ಟಿಗೆಗೂ ಶಟರ್‌ಗೂ 18, ಡ್ರಾಯರಿನ ಪಕ್ಕಗಳಿಗೆ 12, ಹಿಂಬದಿಗೆ 6 ಅಥವಾ 9 ಎಂಬುದು ಸಾಮಾನ್ಯ ರೂಢಿ. ಬೆಲೆ ಹೇಳುವುದು ಚದರ ಅಡಿಗೆ; ಮಾರುವುದು ಮಾತ್ರ ಇಡೀ ಶೀಟು. ಲೆಕ್ಕ ತಪ್ಪುವುದು ಇಲ್ಲಿಂದಲೇ.

ಒಂದು ಕಪಾಟನ್ನು ಪೂರ್ತಿ ಲೆಕ್ಕ ಹಾಕಿ ನೋಡೋಣ. ಎತ್ತರ 7 ಅಡಿ, ಅಗಲ 6 ಅಡಿ, ಆಳ 2 ಅಡಿ. ಮಲಗುವ ಕೋಣೆಯಲ್ಲಿ ದಿನನಿತ್ಯ ಕಾಣುವ ಅಳತೆ. ಒಳಗೆ ಒಂದು ನಡುಹಲಗೆ ನಿಂತು ಜಾಗವನ್ನು 4 ಅಡಿ ಮತ್ತು 2 ಅಡಿ ಎಂದು ಭಾಗ ಮಾಡುತ್ತದೆ. ದೊಡ್ಡ ಭಾಗದಲ್ಲಿ ಬಟ್ಟೆ ನೇತುಹಾಕುವ ರಾಡು, ಅದರ ಮೇಲೊಂದು ಕೆಳಗೊಂದು ಹಲಗೆ. ಸಣ್ಣ ಭಾಗದಲ್ಲಿ ಐದು ಹಲಗೆ. ಮುಂದೆ ತಲಾ 2 ಅಡಿಯ ಮೂರು ಶಟರ್.

18 ಮಿ.ಮೀ. ಮಾಲಿನ ವಿಸ್ತೀರ್ಣ ಕೂಡಿಸೋಣ. ಎರಡು ಪಕ್ಕಗಳಿಗೆ 28 ಚದರ ಅಡಿ, ನಡುಹಲಗೆಗೆ 14, ಮೇಲು ಮತ್ತು ತಳಕ್ಕೆ 24, ಒಳಹಲಗೆಗಳಿಗೆ 36, ಶಟರ್‌ಗಳಿಗೆ 42. ಒಟ್ಟು 144. ಇದನ್ನು 32ರಿಂದ ಭಾಗಿಸಿದರೆ ನಾಲ್ಕೂವರೆ ಶೀಟು. ಬಹಳ ಮಂದಿ ಇಲ್ಲಿಗೆ ನಿಲ್ಲಿಸಿ, ಮೇಲೆ ನೂರಕ್ಕೆ ಹತ್ತು ಸೇರಿಸಿ, ಐದು ಶೀಟು ಬರೆದುಕೊಳ್ಳುತ್ತಾರೆ.

ಈಗ ಗರಗಸದ ದಾರಿಯಲ್ಲಿ ಅದೇ ಕಪಾಟನ್ನು ನೋಡಿ. ಶೀಟನ್ನು ಉದ್ದಕ್ಕೆ ಸೀಳಿದರೆ 2 ಅಡಿ ಅಗಲದ ಎರಡು ಪಟ್ಟಿ. ಪಕ್ಕ ಎರಡು, ನಡುಹಲಗೆ ಒಂದು, ಶಟರ್ ಮೂರು, ಹೀಗೆ 7 ಅಡಿಯ ಆರು ತುಂಡುಗಳಿಗೆ ಆರು ಪಟ್ಟಿ. ಮೇಲು ಮತ್ತು ತಳದ 6 ಅಡಿಯ ತುಂಡುಗಳಿಗೆ ಎರಡು ಪಟ್ಟಿ. ಪ್ರತಿಯೊಂದರಲ್ಲೂ ಉಳಿಯುವ 2×2 ಅಡಿ ಚೂರು ಸಣ್ಣ ಭಾಗದ ಒಳಹಲಗೆಗೆ ಸರಿಹೋಗುತ್ತದೆ. 4 ಅಡಿಯ ಎರಡು ಹಲಗೆಗೆ ಒಂದು ಪಟ್ಟಿ. ಇನ್ನುಳಿದ ಮೂರು ಸಣ್ಣ ಹಲಗೆಗೆ ಒಂದು ಪಟ್ಟಿ. ಒಟ್ಟು ಹತ್ತು ಪಟ್ಟಿ, ಐದು ಶೀಟು. ಉಳಿಯುವುದು 16 ಚದರ ಅಡಿಯ ಚೂರುಗಳು. ಅವು ಡ್ರಾಯರಿನ ಮುಖಕ್ಕೋ ಕೆಳಪಟ್ಟಿಗೋ ಬರುತ್ತವೆ. ಅಂದಾಜು ಇಲ್ಲಿ ಗೆದ್ದಿತು.

ಆದರೆ ಮನೆಯವರು ನಡುವೆ ಮನಸ್ಸು ಬದಲಿಸಿ, "ಮೂರು ಬಾಗಿಲು ಬೇಡ, ನಾಲ್ಕು ಮಾಡಿ, ಒಳಗೆ ಎರಡು ಸಮಭಾಗ ಇರಲಿ" ಎಂದರೆ? ಶಟರ್ ಈಗ ತಲಾ ಒಂದೂವರೆ ಅಡಿ. ಒಳಗೆ 3×2 ಅಡಿಯ ಆರು ಹಲಗೆ. ವಿಸ್ತೀರ್ಣ ಕೂಡಿಸಿದರೆ ಮತ್ತೆ ಅದೇ 144 ಚದರ ಅಡಿ. ಶೀಟುಗಳು ಮಾತ್ರ ಆರು! ಒಂದೂವರೆ ಅಡಿಯ ಎರಡು ಶಟರ್ ತೆಗೆದರೆ ಶೀಟಿನಲ್ಲಿ ಒಂದು ಅಡಿ ಅಗಲದ ಸೀಳು ವ್ಯರ್ಥವಾಗಿ ಉಳಿಯುತ್ತದೆ. 3 ಅಡಿಯ ಹಲಗೆಗಳು ಒಂದು ಪಟ್ಟಿಗೆ ಎರಡೇ ಬಂದು, ಕೊನೆಯ 2 ಅಡಿಗೆ ಜೋಡಿ ಸಿಗುವುದಿಲ್ಲ. ವಿಸ್ತೀರ್ಣದ ಲೆಕ್ಕಕ್ಕೆ ಈ ವ್ಯತ್ಯಾಸ ಕಾಣಿಸುವುದೇ ಇಲ್ಲ, ನಕ್ಷೆಗೆ ಮಾತ್ರ ಕಾಣುತ್ತದೆ. ಒಳ್ಳೆಯ ಮಾಲಿಗೆ ಚದರ ಅಡಿಗೆ 110 ರೂಪಾಯಿ ಎಂದು ಲೆಕ್ಕಕ್ಕಾಗಿ ಹಿಡಿದರೆ, ಆ ಒಂದು ಹೆಚ್ಚಿನ ಶೀಟಿಗೆ ತೆರಿಗೆ ಸೇರಿ 4,150 ರೂಪಾಯಿಗೂ ಮೇಲೆ. ಮೂರು ಕೋಣೆಗೆ ಮೂರು ಕಪಾಟು ಮಾಡಿಸುವ ಮನೆಯಲ್ಲಿ ಅದು ಹನ್ನೆರಡು ಸಾವಿರ ದಾಟುತ್ತದೆ. ನಾಲ್ಕು ಬಾಗಿಲು ಬೇಕೆನ್ನುವುದು ತಪ್ಪಲ್ಲ. ಬೇಕಾದವರು ಮಾಡಿಸಿಕೊಳ್ಳಲಿ, ಆ ಆಯ್ಕೆಯ ಬೆಲೆ ಎಷ್ಟು ಎಂಬುದು ಗರಗಸ ಓಡುವ ಮೊದಲೇ ಅವರಿಗೆ ತಿಳಿದಿರಬೇಕು.

ಇನ್ನೊಂದು ದಾರಿಯೂ ಇದೆ. ಮೂರು ಬಾಗಿಲಿನ ಅದೇ ಕಪಾಟಿಗೆ 7×4 ಅಡಿಯ ಮೂರು ಶೀಟು ತಂದರೆ, 7 ಅಡಿಯ ಆರೂ ತುಂಡುಗಳು ಚೂರು ಉಳಿಸದೆ ಅದರಲ್ಲೇ ಮುಗಿಯುತ್ತವೆ. ಮಿಕ್ಕಿದ್ದಕ್ಕೆ 8×4ರ ಎರಡು ಶೀಟು ಸಾಕು. ಖರೀದಿ 160ರಿಂದ 148 ಚದರ ಅಡಿಗೆ ಇಳಿಯಿತು. ಅದೇ ದರದಲ್ಲಿ ತೆರಿಗೆ ಸೇರಿದ ಬಿಲ್ಲು 20,768 ರೂಪಾಯಿಯಿಂದ 19,210ಕ್ಕೆ ಬಂತು. ಯಾರೊಡನೆಯೂ ಚೌಕಾಸಿ ಮಾಡದೆ, ಗುಣಮಟ್ಟ ಇಳಿಸದೆ ಉಳಿದ ಹಣ ಇದು. 7×4 ಎಲ್ಲ ಅಂಗಡಿಗಳಲ್ಲೂ ಸದಾ ಇರುವುದಿಲ್ಲ, ಆದ್ದರಿಂದ ವಾರ ಮೊದಲೇ ಹೇಳಿ ತರಿಸಬೇಕು. ಅದಕ್ಕೂ ನಕ್ಷೆ ಮೊದಲೇ ಸಿದ್ಧವಿರಬೇಕು.

ನಕ್ಷೆ ಬರೆಯಲು ಎಂಜಿನಿಯರ್ ಬೇಕಿಲ್ಲ. ಗ್ರಾಫ್ ಕಾಗದದಲ್ಲಿ ಅರ್ಧ ಅಡಿಗೆ ಒಂದು ಸೆಂಟಿಮೀಟರ್ ಎಂದು ಹಿಡಿದರೆ ಒಂದು ಶೀಟು 16×8 ಸೆಂ.ಮೀ. ಆಯತ. ಬೇಕಾದ ತುಂಡುಗಳನ್ನೆಲ್ಲ ಅದೇ ಪ್ರಮಾಣದಲ್ಲಿ ಬೇರೆ ಕಾಗದದಿಂದ ಕತ್ತರಿಸಿ, ಪ್ರತಿಯೊಂದರ ಮೇಲೂ ಹೆಸರು ಬರೆದು, ಆಯತದೊಳಗೆ ಜೋಡಿಸುತ್ತ ಹೋಗಬಹುದು. ಶಾಲೆಗೆ ಹೋಗುವ ಮಕ್ಕಳೂ ಈ ಕೆಲಸಕ್ಕೆ ಉತ್ಸಾಹದಿಂದ ಕೂರುತ್ತಾರೆ. ಕಂಪ್ಯೂಟರಿನಲ್ಲಿ ಇದನ್ನೇ ಮಾಡಿಕೊಡುವ ತಂತ್ರಾಂಶಗಳೂ ಇವೆ. ಜೋಡಿಸುವಾಗ ನೆನಪಿಡಬೇಕಾದ ಸಂಗತಿಗಳು ಮೂರು.

ಮೊದಲನೆಯದು ಗರಗಸ ತಿನ್ನುವ ಮರ. ಪ್ರತಿ ಕೊಯ್ತಕ್ಕೂ 3ರಿಂದ 4 ಮಿ.ಮೀ. ಹೊಟ್ಟಾಗಿ ಹೋಗುತ್ತದೆ. ಹಾಗಾಗಿ 1220 ಮಿ.ಮೀ. ಅಗಲದ ಶೀಟಿನಿಂದ ತಲಾ 610ರ ಎರಡು ಪಟ್ಟಿ ಬರುವುದಿಲ್ಲ. ಕಪಾಟಿನ ಆಳ 2 ಅಡಿ ಎಂದರೆ ಅದರಲ್ಲಿ ಶಟರಿನ ದಪ್ಪವೂ ಸೇರಿರುವುದರಿಂದ ಪೆಟ್ಟಿಗೆಯ ಹಲಗೆ 580ರ ಆಸುಪಾಸು ಇದ್ದರೆ ಸಾಕು, ಎರಡು ಪಟ್ಟಿ ಸಲೀಸಾಗಿ ಬರುತ್ತವೆ. ಅಡುಗೆಮನೆಯ ಮೇಲ್ಕಪಾಟುಗಳಲ್ಲಿ ಈ ಲೆಕ್ಕ ಇನ್ನೂ ಸೂಕ್ಷ್ಮ. ಆಳ 300 ಮಿ.ಮೀ. ಇಟ್ಟರೆ ನಾಲ್ಕು ಪಟ್ಟಿಗೆ 1200, ಮೂರು ಕೊಯ್ತಕ್ಕೆ 12, ಒಟ್ಟು 1212, ಶೀಟಿನೊಳಗೆ ಹಿಡಿಯುತ್ತದೆ. ನಕ್ಷೆಯಲ್ಲಿ ಯಾರೋ 310 ಎಂದು ಬರೆದರೆ ನಾಲ್ಕನೆಯ ಪಟ್ಟಿ ಹೋಯಿತು. ಹತ್ತು ಮಿಲಿಮೀಟರ್ ಆಸೆಗೆ ಕಾಲು ಶೀಟು ಮೂಲೆ ಸೇರುತ್ತದೆ.

ಎರಡನೆಯದು ಮರದ ಎಳೆ. ಪ್ಲೈವುಡ್ಡಿನಲ್ಲಿ ತೆಳು ಪದರಗಳನ್ನು ಒಂದರ ಮೇಲೊಂದು ಅಡ್ಡಡ್ಡ ಅಂಟಿಸಿರುತ್ತಾರೆ, ಆದ್ದರಿಂದ ಅದು ಎರಡೂ ದಿಕ್ಕಿಗೆ ಗಟ್ಟಿ. ಆದರೂ ಮೇಲ್ಪದರದ ಎಳೆ ಯಾವ ದಿಕ್ಕಿಗಿದೆಯೋ ಆ ದಿಕ್ಕಿಗೆ ಬಾಗುವಿಕೆ ಕಡಿಮೆ. 4 ಅಡಿಯ ಒಳಹಲಗೆಯಲ್ಲಿ ಎಳೆ ಉದ್ದಕ್ಕೇ ಇರಬೇಕು. ಜಾಗ ಉಳಿಸಲು ತುಂಡನ್ನು ಅಡ್ಡ ತಿರುಗಿಸಿದರೆ ಸೀರೆಗಳ ಭಾರಕ್ಕೆ ಹಲಗೆ ಬೇಗ ಜೋತುಬೀಳುತ್ತದೆ. ಮರದ ಗೆರೆಯಿರುವ ಮೈಕಾ ಅಂಟಿಸುವುದಾದರೆ ಮೈಕಾ ಶೀಟಿಗೂ ಇದೇ ಕಟ್ಟುಪಾಡು. ಪಕ್ಕಪಕ್ಕದ ಎರಡು ಶಟರ್‌ಗಳಲ್ಲಿ ಗೆರೆ ಒಂದು ನಿಂತು ಒಂದು ಮಲಗಿದರೆ ಕಣ್ಣಿಗೆ ಚುಚ್ಚುತ್ತದೆ.

ಮೂರನೆಯದು ಎತ್ತರ. ಶೀಟಿನ ಉದ್ದ 8 ಅಡಿ. ಕಪಾಟು 8 ಅಡಿ 2 ಇಂಚು ಬೇಕೆಂದರೆ ಪಕ್ಕದ ಹಲಗೆಗೆ ತೇಪೆ ಹಾಕಲೇಬೇಕು. 7 ಅಡಿಯ ಕಪಾಟು, ಅದರ ಮೇಲೆ ಬೇರೆಯೇ ಅಟ್ಟದ ಪೆಟ್ಟಿಗೆ ಎಂದು ವಿಂಗಡಿಸಿದರೆ ಆ ತೊಂದರೆ ಇಲ್ಲ. ಶೀಟಿನ ಅಂಚು ಅಂಗಡಿಯಿಂದ ಬಂದಾಗ ಪೂರ್ತಿ ಮೂಲೆಮಟ್ಟ ಇರುವುದಿಲ್ಲ, ಒಂದಿಷ್ಟು ಕೊಯ್ದು ನೇರ ಮಾಡಬೇಕಾಗುತ್ತದೆ. ಆದ್ದರಿಂದ 7 ಅಡಿಯ ಶೀಟಿನಿಂದ ಮಾಡುವ ಕಪಾಟನ್ನು 6 ಅಡಿ 11 ಇಂಚು ಎಂದು ಬರೆದುಕೊಳ್ಳುವುದು ಜಾಣತನ.

ಶೀಟಿನ ಲೆಕ್ಕ ಮುಗಿದರೆ ಖರ್ಚಿನ ಲೆಕ್ಕ ಮುಗಿಯಲಿಲ್ಲ. ಮನೆಯವರನ್ನು ಅತಿ ಹೆಚ್ಚು ತಬ್ಬಿಬ್ಬು ಮಾಡುವುದು ಮೈಕಾ. ಆ ಮೂರು ಬಾಗಿಲಿನ ಕಪಾಟಿನ ಒಳಗೆ ಕೈ ತಾಗುವ ಮೈಯನ್ನೆಲ್ಲ ಅಳೆದು ನೋಡಿ. ಶಟರಿನ ಒಳಮೈ 42, ಪಕ್ಕಗಳ ಒಳಮೈ 28, ನಡುಹಲಗೆಯ ಎರಡೂ ಮೈ 28, ಮೇಲು ಮತ್ತು ತಳದ ಒಳಮೈ 24, ಒಳಹಲಗೆಗಳ ಎರಡೂ ಮೈ 72, ಹಿಂಬದಿ 42. ಒಟ್ಟು 236 ಚದರ ಅಡಿ ಒಳಮೈಕಾ. ಇದಕ್ಕೆ ಸಾಮಾನ್ಯವಾಗಿ ತೆಳುವಾದ ಲೈನರ್ ಬಳಸುತ್ತಾರೆ. ಹೊರಗೆ ಶಟರಿಗೆ 42, ಕಾಣುವ ಒಂದು ಪಕ್ಕಕ್ಕೆ 14, ಇದು 1 ಮಿ.ಮೀ. ದಪ್ಪದ್ದು. ಹಿಂಬದಿಯ 6 ಮಿ.ಮೀ. ಶೀಟನ್ನೂ ಸೇರಿಸಿದರೆ ಪ್ಲೈವುಡ್ 186 ಚದರ ಅಡಿ, ಮೈಕಾ 292 ಚದರ ಅಡಿ. ಮರಕ್ಕಿಂತ ಮರದ ಮೈಗೆ ಹೊದಿಸುವ ಹಾಳೆಯೇ ಒಂದೂವರೆ ಪಟ್ಟು! ಒಳಗಡೆಗೆ ಮೈಕಾ ಬಿಟ್ಟು ಬಣ್ಣ ಹೊಡೆಸಿದರೆ ಉಳಿತಾಯ ಆಗುತ್ತದೆ ಎಂದುಕೊಳ್ಳುವವರು ಶಟರನ್ನು ಮಾತ್ರ ಹಾಗೆ ಬಿಡಬಾರದು. ಒಂದೇ ಮೈಗೆ ಮೈಕಾ ಅಂಟಿಸಿದ 7 ಅಡಿಯ ಶಟರ್ ಕೆಲವು ತಿಂಗಳಲ್ಲಿ ಬಿಲ್ಲಿನಂತೆ ಬಾಗಬಹುದು. ಎರಡೂ ಮೈ ಸಮನಾಗಿ ಎಳೆದರೆ ಮಾತ್ರ ಅದು ನೆಟ್ಟಗೆ ನಿಲ್ಲುತ್ತದೆ.

ಅಂಚಿಗೆ ಅಂಟಿಸುವ ಪಟ್ಟಿಯನ್ನೂ ಅಡಿ ಲೆಕ್ಕದಲ್ಲಿ ಬರೆದಿಡಿ. ಮೂರು ಶಟರ್‌ಗಳ ಸುತ್ತಳತೆ 54 ಅಡಿ, ಒಳಹಲಗೆಗಳ ಮುಂಬದಿ 18, ಪಕ್ಕಗಳೂ ನಡುಹಲಗೆಯೂ ಸೇರಿ 21, ಮೇಲು ಮತ್ತು ತಳಕ್ಕೆ 12. ಒಟ್ಟು 105 ಅಡಿ. 7 ಅಡಿಯ ಬಾಗಿಲಿಗೆ ನಾಲ್ಕು ಹಿಂಜಸ್ ಎಂದರೆ ಮೂರಕ್ಕೆ ಹನ್ನೆರಡು. ಹಿಡಿ, ಬೀಗ, ಡ್ರಾಯರಿನ ಚಾನಲ್, ಅಂಟು, ಸ್ಕ್ರೂ, ಒಂದೊಂದೂ ಚಿಕ್ಕದು; ಒಟ್ಟು ಸೇರಿದಾಗ ಚಿಕ್ಕದಲ್ಲ. 18 ಮಿ.ಮೀ. ದಪ್ಪದ ಒಂದು ದೊಡ್ಡ ಶೀಟು ಮೂವತ್ತರಿಂದ ನಲವತ್ತು ಕಿಲೋ ತೂಗುತ್ತದೆ. ಮೂರನೇ ಮಹಡಿಗೆ ಏರಿಸುವ ಕೂಲಿಯನ್ನು ಕೂಡ ಮೊದಲೇ ಮಾತಾಡಿರಬೇಕು.

ಪೂರ್ತಿ ಕೆಲಸವನ್ನು ಗುತ್ತಿಗೆಗೆ ಕೊಡುವವರಿಗೂ ಈ ಲೆಕ್ಕ ಬೇಕು. ಗುತ್ತಿಗೆದಾರರು ದರ ಹೇಳುವುದು ಮುಂಭಾಗದ ಚದರ ಅಡಿಗೆ. ನಮ್ಮ ಕಪಾಟಿನ ಮುಂಭಾಗ 42 ಚದರ ಅಡಿ. ಒಳಗೆ ಹೋದ 18 ಮಿ.ಮೀ. ಮಾಲು 144. ಮುಂಭಾಗದ ಒಂದು ಅಡಿಯ ಹಿಂದೆ ಸುಮಾರು ಮೂರೂವರೆ ಅಡಿ ಪ್ಲೈವುಡ್ ಅಡಗಿದೆ ಎಂದಾಯಿತು. ಒಳಹಲಗೆಗಳನ್ನೆಲ್ಲ ತೆಗೆದು ಬರೀ ರಾಡು ಹಾಕಿದರೆ ಮಾಲು 108ಕ್ಕೆ ಇಳಿಯುತ್ತದೆ, ಕಾಲು ಭಾಗ ಕಡಿಮೆ. ಮುಂಭಾಗ ಮಾತ್ರ ಅದೇ 42, ದರವೂ ಅದೇ. ಎರಡು ಕಡೆ ದರಪಟ್ಟಿ ತರಿಸಿ ಹೋಲಿಸುವವರು ಒಳಗಿನ ಹಲಗೆಗಳ ಎಣಿಕೆ, ಪ್ರತಿ ಭಾಗದ ದಪ್ಪ, ಪ್ಲೈವುಡ್ಡಿನ ದರ್ಜೆ, ಹಿಂಬದಿ ಇದೆಯೋ ಇಲ್ಲವೋ, ಒಳಗೆ ಮೈಕಾ ಇದೆಯೋ ಇಲ್ಲವೋ ಎಂಬುದೆಲ್ಲ ಎರಡರಲ್ಲೂ ಒಂದೇ ಎಂದು ಖಚಿತ ಮಾಡಿಕೊಳ್ಳದೆ ಕಡಿಮೆ ದರದ ಹಿಂದೆ ಹೋಗಬಾರದು.

ಅಡುಗೆಮನೆಯಲ್ಲಿ ಕರ್ನಾಟಕದ ಮನೆಗಳಿಗೆ ಒಂದು ಅನುಕೂಲ ಇದೆ. ಗ್ರಾನೈಟ್ ಕಟ್ಟೆಯ ಕೆಳಗೆ ಕಡಪ ಕಲ್ಲಿನ ಅಡ್ಡಗೋಡೆ, ಕಡಪ ಕಲ್ಲಿನ ಹಲಗೆ ನಿಲ್ಲಿಸುವುದು ಇಲ್ಲಿನ ಹಳೆಯ ರೂಢಿ. ಅದಿದ್ದರೆ ಪ್ಲೈವುಡ್ ಬೇಕಾಗುವುದು ಮುಂದಿನ ಚೌಕಟ್ಟಿಗೂ ಶಟರಿಗೂ ಮಾತ್ರ. ನೀರು ತಾಗುವ ಜಾಗದಲ್ಲಿ ಕಲ್ಲು ಕೊಳೆಯುವುದೂ ಇಲ್ಲ, ಗೆದ್ದಲು ಹಿಡಿಯುವುದೂ ಇಲ್ಲ. ಈ ತೀರ್ಮಾನ ಗಾರೆಯವರು ಇರುವಾಗಲೇ ಆಗಬೇಕು, ಬಡಗಿ ಬಂದ ಮೇಲೆ ತಡವಾಯಿತು. ಮಾಡ್ಯುಲರ್ ಪೆಟ್ಟಿಗೆಗಳೇ ಬೇಕೆನ್ನುವವರು ಒಂದು ಅಂಶ ಗಮನಿಸಲಿ. 10 ಅಡಿ ಉದ್ದದ ಕಟ್ಟೆಯ ಕೆಳಗೆ 2 ಅಡಿಯ ಐದು ಬಿಡಿ ಪೆಟ್ಟಿಗೆ ಇಟ್ಟರೆ ನಿಲುವು ಹಲಗೆಗಳು ಹತ್ತು. ಒಂದೇ ಉದ್ದ ಪೆಟ್ಟಿಗೆಯಲ್ಲಿ ಐದು ಖಾನೆ ಮಾಡಿದರೆ ಆರು. ಒಂದೊಂದು 27×22 ಇಂಚು ಎಂದರೂ ನಾಲ್ಕು ಹೆಚ್ಚಿನ ಹಲಗೆಗೆ ಸುಮಾರು 16 ಚದರ ಅಡಿ, ಅರ್ಧ ಶೀಟು. ಬಿಡಿ ಪೆಟ್ಟಿಗೆಗಳನ್ನು ಬಿಚ್ಚಿ ಸಾಗಿಸಬಹುದು, ಕೆಟ್ಟ ಒಂದನ್ನೇ ಬದಲಿಸಬಹುದು. ಅರ್ಧ ಶೀಟಿನ ಬೆಲೆಗೆ ಆ ಅನುಕೂಲ ಬೇಕೋ ಎಂಬುದನ್ನು ಮನೆಯವರೇ ನಿರ್ಧರಿಸಬೇಕು.

ಇನ್ನು ದರ್ಜೆಯ ಮಾತು. ಅಂಗಡಿಯಲ್ಲಿ ಎಂಆರ್, ಬಿಡಬ್ಲ್ಯುಆರ್, ಬಿಡಬ್ಲ್ಯುಪಿ ಎಂಬ ಅಕ್ಷರಗಳು ಕಿವಿಗೆ ಬೀಳುತ್ತವೆ. ಮೊದಲೆರಡು ಐಎಸ್ 303 ಮಾನದಂಡಕ್ಕೆ ಸೇರಿದವು, ಮೂರನೆಯದು ಐಎಸ್ 710, ಅಂದರೆ ಮರೀನ್ ಪ್ಲೈವುಡ್. ವ್ಯತ್ಯಾಸದ ಮುಖ್ಯ ಭಾಗ ಅಂಟಿನಲ್ಲಿದೆ. ಎಂಆರ್ ತೇವವನ್ನು ತಡೆಯುತ್ತದೆ, ನೀರನ್ನಲ್ಲ. ಐಎಸ್ 710ರ ತುಂಡು 72 ಗಂಟೆ ಕುದಿಯುವ ನೀರಿನಲ್ಲಿದ್ದರೂ ಪದರ ಬಿಡಬಾರದು. ಸಿಂಕಿನ ಕೆಳಗೆ, ಬಚ್ಚಲಿನ ಗೋಡೆಗೆ ಒರಗುವ ಕಪಾಟಿಗೆ ಐಎಸ್ 710ಕ್ಕೇ ಖರ್ಚು ಮಾಡುವುದು ಸರಿ. ಆರು ತಿಂಗಳು ಮಳೆಯ ತೇವದಲ್ಲೇ ಇರುವ ಮಂಗಳೂರು, ಉಡುಪಿ, ಮಡಿಕೇರಿಯ ಮನೆಗಳಲ್ಲಿ ಎಂಆರ್ ಯಾವ ಕೋಣೆಗೂ ಬೇಡ. ಬಳ್ಳಾರಿ, ರಾಯಚೂರಿನ ಒಣಹವೆಯಲ್ಲಿ ಮಲಗುವ ಕೋಣೆಯ ಟಿವಿ ಹಲಗೆಗೂ ಮರೀನ್ ಪ್ಲೈವುಡ್ ಹಾಕಿಸುವುದು ದುಡ್ಡನ್ನು ಗೋಡೆಗೆ ಅಂಟಿಸಿದಂತೆಯೇ. ಹೀಗೆ ಕೋಣೆವಾರು ದರ್ಜೆ ಬರೆದುಕೊಂಡರೆ ಪಟ್ಟಿಯಲ್ಲಿ ಎರಡು ಮೂರು ಬಗೆಯ ಮಾಲು ಬರುತ್ತದೆ, ಒಟ್ಟು ಬಿಲ್ಲು ಇಳಿಯುತ್ತದೆ.

ಬಾಯಿಮಾತಿನ ದರ್ಜೆಯನ್ನು ನಂಬಬೇಕಿಲ್ಲ. ಶೀಟಿನ ಮೇಲೆ ಐಎಸ್‌ಐ ಗುರುತು, ಮಾನದಂಡದ ಸಂಖ್ಯೆ ಮತ್ತು ಸಿಎಂ/ಎಲ್ ಎಂದು ಶುರುವಾಗುವ ಪರವಾನಗಿ ಸಂಖ್ಯೆ ಅಚ್ಚಾಗಿರಬೇಕು. ಆ ಸಂಖ್ಯೆಯನ್ನು ಭಾರತೀಯ ಮಾನಕ ಬ್ಯೂರೋದ 'ಬಿಐಎಸ್ ಕೇರ್' ಆ್ಯಪಿನಲ್ಲಿ ಹಾಕಿದರೆ ತಯಾರಕರ ಹೆಸರು, ಪರವಾನಗಿ ಜೀವಂತವಿದೆಯೋ ಇಲ್ಲವೋ ಎಂಬುದು ಅಂಗಡಿಯಲ್ಲಿ ನಿಂತಲ್ಲೇ ತಿಳಿಯುತ್ತದೆ. ದಪ್ಪ ಅಳೆಯಲು ವರ್ನಿಯರ್ ಕ್ಯಾಲಿಪರ್ ಒಯ್ಯಿರಿ. 18 ಎಂದು ಬಿಲ್ಲಿನಲ್ಲಿ ಬರೆದು 16 ಕೊಟ್ಟರೆ ಕಣ್ಣಿಗೆ ಗೊತ್ತಾಗುವುದಿಲ್ಲ, ಕ್ಯಾಲಿಪರಿಗೆ ಗೊತ್ತಾಗುತ್ತದೆ. ಬಿಲ್ಲು ಬೇಡ ಎಂದರೆ ತೆರಿಗೆ ಉಳಿಯುತ್ತದೆ ಎಂಬ ಸಲಹೆಯೂ ಬರಬಹುದು. ಪ್ಲೈವುಡ್ಡಿನ ಮೇಲಿನ ಜಿಎಸ್‌ಟಿ 2017ರ ಜುಲೈನಲ್ಲಿ ಶೇ. 28 ಇದ್ದದ್ದು ಅದೇ ವರ್ಷದ ನವೆಂಬರಿನಲ್ಲಿ ಶೇ. 18ಕ್ಕೆ ಇಳಿಯಿತು. ಆ 18 ಉಳಿಸಲು ಹೋದವರ ಕೈಯಲ್ಲಿ, ಎರಡು ವರ್ಷದ ನಂತರ ಪದರ ಬಿಟ್ಟ ಶೀಟಿಗೆ ಖಾತರಿ ಕೇಳುವಾಗ ತೋರಿಸಲು ಕಾಗದವೇ ಇರುವುದಿಲ್ಲ.

ಒಂದೇ ದಪ್ಪದ ಎರಡು ಶೀಟುಗಳ ಬೆಲೆ ಯಾಕೆ ಅಷ್ಟು ಬೇರೆ ಎಂದು ಕೇಳುವವರಿಗೆ ಉತ್ತರ ಒಳಗಿನ ಮರದಲ್ಲಿದೆ. 1996ರ ಡಿಸೆಂಬರ್ 12ರಂದು ಸುಪ್ರೀಂ ಕೋರ್ಟು ಗೋದಾವರ್ಮನ್ ಪ್ರಕರಣದಲ್ಲಿ ಕೊಟ್ಟ ಆದೇಶದ ನಂತರ ಕಾಡಿನ ಮರವನ್ನು ನೆಚ್ಚಿದ್ದ ಪ್ಲೈವುಡ್ ಗಿರಣಿಗಳ ಕಾಲ ಹಿಂದೆ ಸರಿಯಿತು. ಉದ್ಯಮ ರೈತರ ಹೊಲದ ಮರದ ಕಡೆ ತಿರುಗಿತು. ಹರಿಯಾಣದ ಯಮುನಾನಗರ ಪಾಪ್ಲರ್ ಮತ್ತು ನೀಲಗಿರಿ ಮರದಿಂದ, ಕೇರಳದ ಪೆರುಂಬಾವೂರು ರಬ್ಬರ್ ಮರದಿಂದ ಪ್ಲೈವುಡ್ ಪಟ್ಟಣಗಳಾಗಿ ಬೆಳೆದವು. ನಮ್ಮ ಕಾಫಿ ತೋಟಗಳ ಸಿಲ್ವರ್ ಓಕ್, ಬಯಲುಸೀಮೆಯ ರೈತರು ಬೆಳೆಯುವ ಹೆಬ್ಬೇವು ಸಹ ಇದೇ ಉದ್ಯಮಕ್ಕೆ ಹೋಗುತ್ತವೆ. ಪಾಪ್ಲರ್ ಹಗುರ, ಬೆಲೆ ಕಡಿಮೆ. ನೀಲಗಿರಿ ಮತ್ತು ಇತರ ಗಟ್ಟಿಮರದ ತಿರುಳಿದ್ದರೆ ಸ್ಕ್ರೂ ಬಿಗಿಯಾಗಿ ಹಿಡಿಯುತ್ತದೆ. ಅಂಗಡಿಯವರು ಹೆಮ್ಮೆಯಿಂದ ಹೇಳುವ ಗರ್ಜನ್ ಎಂಬ ಕೆಂಪು ಮೇಲ್ಪದರದ ಮರ ಬರುತ್ತಿದ್ದದ್ದು ಮುಖ್ಯವಾಗಿ ಮ್ಯಾನ್ಮಾರಿನಿಂದ. ಆ ದೇಶ 2014ರಲ್ಲಿ ದಿಮ್ಮಿಗಳ ರಫ್ತು ನಿಲ್ಲಿಸಿತು. ಮೇಲ್ಪದರದ ಬಣ್ಣ ನೋಡಿ ದರ ಒಪ್ಪಿಕೊಳ್ಳುವ ಬದಲು ಶೀಟಿನ ಅಂಚು ನೋಡಿ. ಪದರಗಳ ನಡುವೆ ಕಂಡಿ ಇದ್ದರೆ, ಒಂದು ಪದರ ಇನ್ನೊಂದರ ಮೇಲೇರಿದ್ದರೆ ಅಲ್ಲಿ ಸ್ಕ್ರೂ ನಿಲ್ಲುವುದಿಲ್ಲ. ಈ ವಿಷಯವನ್ನು ಶಾಸ್ತ್ರೀಯವಾಗಿ ಪರೀಕ್ಷಿಸುವ ಕೆಲಸ ನಮ್ಮಲ್ಲೇ ಬೆಳೆದಿದೆ. ಬೆಂಗಳೂರಿನ ತುಮಕೂರು ರಸ್ತೆಯಲ್ಲಿ ದಶಕಗಳ ಕಾಲ ಅದನ್ನು ಮಾಡಿದ ಪ್ಲೈವುಡ್ ಸಂಶೋಧನಾ ಮತ್ತು ತರಬೇತಿ ಸಂಸ್ಥೆ 'ಇಪಿರ್ಟಿ' ಎಂದೇ ಉದ್ಯಮದಲ್ಲಿ ಪರಿಚಿತವಾಗಿತ್ತು.

ಮನೆ ಇನ್ನೂ ಮೋಲ್ಡಿಂಗ್ ಹಂತಕ್ಕೆ ಬಾರದವರಿಗೆ ಒಂದು ಮಾತು. ಪ್ಲೈವುಡ್ ಮನೆಗೆ ಮೊದಲು ಬರುವುದು ಕಪಾಟಾಗಿ ಅಲ್ಲ, ಸೆಂಟ್ರಿಂಗ್ ಹಲಗೆಯಾಗಿ. ಅದು ಬೇರೆಯೇ ಜಾತಿಯ ಶೀಟು, ಅದಕ್ಕೆ ಐಎಸ್ 4990 ಎಂಬ ಬೇರೆ ಮಾನದಂಡ ಇದೆ. ಒಂಬತ್ತು ಚದರದ ತಾರಸಿಗೆ, ಅಂದರೆ 900 ಚದರ ಅಡಿಗೆ, ತಳಕ್ಕೇ 29 ಶೀಟು. ತೊಲೆಗಳ ಪಕ್ಕಗಳಿಗೆ ಬೇರೆ. ಸಾಮಾನ್ಯವಾಗಿ ಇವು ಸೆಂಟ್ರಿಂಗ್ ಗುತ್ತಿಗೆದಾರರವೇ ಆಗಿರುತ್ತವೆ, ಮನೆಯವರು ಕೊಳ್ಳಬೇಕಿಲ್ಲ. ಆದರೆ ಒಪ್ಪಂದದಲ್ಲಿ ಅದು ಸ್ಪಷ್ಟವಾಗಿ ಬರೆದಿರಬೇಕು. ಹಲಗೆ ಬೇರೆ ಕೆಲಸಕ್ಕೆ ಬೇಕೆಂದು ಅವಸರದಲ್ಲಿ ಬಿಚ್ಚಲು ಬಿಡಬಾರದು. ಐಎಸ್ 456ರ ಪ್ರಕಾರ ನಾಲ್ಕೂವರೆ ಮೀಟರ್‌ವರೆಗಿನ ಅಂತರದ ತಾರಸಿಗೆ ಆಸರೆ ಕನಿಷ್ಠ 7 ದಿನ, ಅದಕ್ಕೂ ಹೆಚ್ಚಿನದಕ್ಕೆ 14 ದಿನ ಇರಬೇಕು.

ಇಷ್ಟೆಲ್ಲ ಲೆಕ್ಕ ಬಡಗಿಯನ್ನು ಅನುಮಾನಿಸಲು ಅಲ್ಲ. ಮನೆ ಕಟ್ಟುವ ಕೆಲಸದಲ್ಲಿ ಅತಿ ಹೆಚ್ಚು ಮನಸ್ತಾಪ ಹುಟ್ಟುವ ಜಾಗಗಳಲ್ಲಿ ಮರಗೆಲಸ ಒಂದು. "ಇಷ್ಟು ಶೀಟು ಎಲ್ಲಿ ಹೋಯಿತು?" ಎಂದು ಮನೆಯವರು ಒಳಗೊಳಗೇ ಕುದಿಯುತ್ತಾರೆ. ಹೇಳದೆ ಕೇಳದೆ ಮೂರು ಸಲ ವಿನ್ಯಾಸ ಬದಲಿಸಿದ್ದು ಅವರೇ ಎಂಬುದು ಬಡಗಿಗೆ ಗೊತ್ತು, ಹೇಳಲಾಗುವುದಿಲ್ಲ. ಕೆಲವು ಅಂಗಡಿಗಳು ಗಿರಾಕಿ ಕರೆತಂದವರಿಗೆ ಕಮಿಷನ್ ಕೊಡುವ ರೂಢಿ ಇಟ್ಟುಕೊಂಡಿರುವುದರಿಂದ ನಿಯತ್ತಿನ ಬಡಗಿಯ ಮೇಲೂ ಕಣ್ಣು ಬೀಳುತ್ತದೆ. ಇಬ್ಬರೂ ಸಹಿ ಹಾಕಿದ ಒಂದು ಕತ್ತರಿಕೆ ನಕ್ಷೆ ಗೋಡೆಯ ಮೇಲಿದ್ದರೆ ಈ ಯಾವ ಮಾತಿಗೂ ಆಸ್ಪದವಿಲ್ಲ. ವಿನ್ಯಾಸ ಬದಲಾದ ದಿನ ನಕ್ಷೆಯೂ ಬದಲಾಗುತ್ತದೆ, ಹೆಚ್ಚಿದ ಶೀಟು ಯಾರ ಲೆಕ್ಕಕ್ಕೆ ಎಂಬುದು ಅಂದೇ ತಿಳಿಯುತ್ತದೆ. ಆ ನಕ್ಷೆ ಬರೆಯಲು ಬಡಗಿ ಅರ್ಧ ದಿನ ಕೂತರೆ ಅರ್ಧ ದಿನದ ಕೂಲಿ ಕೊಡಿ. ವರ್ಷಗಟ್ಟಲೆ ಶೀಟು ಕೊಯ್ದ ಕೈಗೆ ಗೊತ್ತಿರುವ ಜೋಡಣೆಗಳು ಗ್ರಾಫ್ ಕಾಗದಕ್ಕೆ ಹೊಳೆಯುವುದಿಲ್ಲ. ಮೇಲೆ ಹೇಳಿದ ಲೆಕ್ಕವನ್ನು ಒಬ್ಬ ನುರಿತ ಆಚಾರಿಯ ಮುಂದಿಟ್ಟರೆ ಅವರು ಅದರಲ್ಲೂ ಒಂದಿಷ್ಟು ಉಳಿಸಿಯಾರು.

ಖರೀದಿಯನ್ನು ಎರಡು ಕಂತಿನಲ್ಲಿ ಮಾಡಿ. ಮೊದಲು ಪೆಟ್ಟಿಗೆಗಳ ಮಾಲು, ಅವು ನಿಂತ ಮೇಲೆ ಶಟರ್‌ಗಳ ಮಾಲು. ಹೊಸ ಗಾರೆಯ ಗೋಡೆ ಇನ್ನೂ ನೀರಾಡುತ್ತಿರುವಾಗ ಶೀಟು ತಂದು ಗೋಡೆಗೆ ಓರೆಯಾಗಿ ಒರಗಿಸಿಟ್ಟರೆ ಬಾಗುತ್ತದೆ, ಬೂಷ್ಟು ಹಿಡಿಯುತ್ತದೆ. ನೆಲದಿಂದ ಎತ್ತರದಲ್ಲಿ, ರೀಪುಗಳ ಮೇಲೆ ಮಟ್ಟವಾಗಿ ಮಲಗಿಸಿಡಬೇಕು. ಕತ್ತರಿಸದ ಶೀಟನ್ನು ವಾಪಸು ತೆಗೆದುಕೊಳ್ಳುತ್ತೇವೆ ಎಂಬ ಮಾತನ್ನು ಅಂಗಡಿಯವರಿಂದ ಬಿಲ್ಲಿನ ಮೇಲೇ ಬರೆಸಿಕೊಳ್ಳಿ. ಗಾಡಿ ಮನೆ ಮುಂದೆ ಬಂದು ನಿಂತಾಗ ಅವಸರ ಬೇಡ: ನಕ್ಷೆಯಲ್ಲಿರುವ ಶೀಟಿನ ಸಂಖ್ಯೆ, ಬಿಲ್ಲಿನಲ್ಲಿರುವ ಸಂಖ್ಯೆ, ಗಾಡಿಯಿಂದ ಇಳಿದ ಸಂಖ್ಯೆ, ಈ ಮೂರೂ ಒಂದೇ ಆಗಿದ್ದರೆ, ಕ್ಯಾಲಿಪರ್ 18 ತೋರಿಸಿದರೆ, ಆಗ ಸಹಿ ಹಾಕಿ.

ಇಂತಿ,
ನಿಮ್ಮ ಮನೆಯ ಒಳಿತನ್ನು ಬಯಸುವ ವಿಶ್ವಾಸಿ